ಸಿವಿಲ್ ಕೋರ್ಟಿನಿಂದ ಲೇಬರ್ ಕೋರ್ಟಿಗೆ: ನನ್ನ ಅನುಭವ

ಕೆಲಸ ಕಳೆದುಕೊಂಡು ನನ್ನ ಚೇಂಬರ್‌ಗೆ ಬರುವವರು ಮೊದಲು ಅಪಾಯಿಂಟ್‌ಮೆಂಟ್ ಆರ್ಡರ್ ತೆಗೆದು ಮೇಜಿನ ಮೇಲೆ ಇಡುತ್ತಾರೆ. ನಾನು ಅದನ್ನು ಪಕ್ಕಕ್ಕಿಟ್ಟು ಬೇರೆಯೇ ಕೇಳುತ್ತೇನೆ. ಬೆಳಿಗ್ಗೆ ಹೋದ ಮೇಲೆ ಸಂಜೆಯವರೆಗೆ ಏನು ಮಾಡ್ತಿದ್ರಿ? ಯಾರಿಗಾದರೂ ರಜೆ ಮಂಜೂರು ಮಾಡ್ತಿದ್ರಾ? ಯಾರ ಮೇಲಾದರೂ ಕ್ರಮ ತಗೊಳ್ಳೋ ಅಧಿಕಾರ ಇತ್ತಾ? ಹುದ್ದೆಯ ಹೆಸರಲ್ಲಿ ‘ಮ್ಯಾನೇಜರ್’ ಅಂತ ಇದ್ದರೆ ಸಾಲದು. ಅವರು ದಿನವೂ ಮಾಡಿದ ಕೆಲಸವೇ ಕೇಸು ಲೇಬರ್ ಕೋರ್ಟಿಗೋ ಸಿವಿಲ್ ಕೋರ್ಟಿಗೋ ಅನ್ನುವುದನ್ನು ಹೇಳುತ್ತದೆ.

ನಾನು ಶುರು ಮಾಡಿದ್ದು ಬೆಂಗಳೂರಿನಲ್ಲಿ, ಪೂರ್ತಿ ಸಿವಿಲ್ ಆಫೀಸಿನಲ್ಲಿ. ಪಾಲು ವಿಭಾಗದ ದಾವೆ, ಇಂಜಂಕ್ಷನ್, ಬಾಡಿಗೆ ತಕರಾರು, ಇಷ್ಟೇ. ಸೀನಿಯರ್ ನನ್ನಿಂದ ಮೊದಲು ಬರೆಸಿದ್ದು ವಾದವನ್ನಲ್ಲ, ಷೆಡ್ಯೂಲನ್ನು, ಅಂದರೆ ದಾವೆಯ ಆಸ್ತಿಯ ವಿವರವನ್ನು. ಚೆಕ್ಕುಬಂದಿಯ ನಾಲ್ಕು ದಿಕ್ಕು ತಪ್ಪಿಲ್ಲದೆ ಬರೆಯದಿದ್ದರೆ ತಡೆಯಾಜ್ಞೆ ಸಿಕ್ಕರೂ ಅದು ಯಾವ ಜಾಗಕ್ಕೆ ಅನ್ನುವ ಜಗಳ ಶುರುವಾಗುತ್ತದೆ. ದಾವೆಯಲ್ಲಿ ಹೇಳದ್ದನ್ನು ಸಾಕ್ಷಿಯಲ್ಲಿ ಹೇಳಿ ಪ್ರಯೋಜನ ಇಲ್ಲ, ಇದು ಅವರು ದಿನವೂ ಹೇಳುತ್ತಿದ್ದ ಮಾತು. ಆಗ ಸ್ವಲ್ಪ ಬೇಜಾರೇ ಆಗ್ತಿತ್ತು. ಲೇಬರ್ ಕೋರ್ಟಿಗೆ ಹೋದ ಮೇಲೆ ಅದರ ಬೆಲೆ ಗೊತ್ತಾಯಿತು.

ಅಲ್ಲಿನ ಲೋಕವೇ ಬೇರೆ. ವಾದಿ, ಪ್ರತಿವಾದಿ ಅನ್ನುವ ಬದಲು ಫಸ್ಟ್ ಪಾರ್ಟಿ, ಸೆಕೆಂಡ್ ಪಾರ್ಟಿ. ವಕೀಲ ಸುಮ್ನೆ ವಕಾಲತ್ತು ಹಾಕಿ ನಿಲ್ಲುವ ಹಾಗೂ ಇರಲಿಲ್ಲ. 1947ರ ಕೈಗಾರಿಕಾ ವಿವಾದ ಕಾಯ್ದೆಯ 36(4) ಕಲಂ ಪ್ರಕಾರ ಎದುರು ಪಕ್ಷದ ಒಪ್ಪಿಗೆ ಬೇಕಿತ್ತು, ಕೋರ್ಟಿನ ಅನುಮತಿಯೂ ಬೇಕಿತ್ತು. ಯೂನಿಯನ್ ಮುಖಂಡರೇ ಎದ್ದು ನಿಂತು ಪಾಟೀ ಸವಾಲು ಮಾಡುವುದನ್ನು ನೋಡಿದ್ದೇನೆ. ಕೆಲವರು ನಮಗಿಂತ ಚೆನ್ನಾಗಿ ಮಾಡುತ್ತಾರೆ, ಸುಳ್ಳು ಯಾಕೆ ಹೇಳಲಿ.

ನಾನು ಹೆಚ್ಚು ಕಲಿತದ್ದು ಬಸ್ ಕಂಡಕ್ಟರುಗಳ ಕೇಸುಗಳಿಂದ. ತನಿಖಾ ತಂಡ ಬಸ್ಸು ಹತ್ತುತ್ತದೆ, ಟಿಕೆಟ್ ಇಲ್ಲದ ಪ್ರಯಾಣಿಕರು ಸಿಗುತ್ತಾರೆ, ಕಂಡಕ್ಟರ್ ಮೇಲೆ ಆರೋಪಪಟ್ಟಿ, ಇಲಾಖಾ ವಿಚಾರಣೆ, ವಜಾ. ಹೊಸಬರಾದ ವಕೀಲರು ತಕ್ಷಣ ಕೇಳುವುದು ‘ಪ್ರಯಾಣಿಕರನ್ನು ಯಾಕೆ ಸಾಕ್ಷಿಗೆ ಕರೆಸಿಲ್ಲ?’ ಅಂತ. ಆ ವಾದಕ್ಕೆ ಸುಪ್ರೀಂ ಕೋರ್ಟ್ 1977ರಲ್ಲೇ ಉತ್ತರ ಕೊಟ್ಟಿದೆ: ಇಲಾಖಾ ವಿಚಾರಣೆಗೆ ಸಾಕ್ಷ್ಯ ಕಾಯ್ದೆಯ ಬಿಗಿ ನಿಯಮ ಇಲ್ಲ, ಪ್ರಯಾಣಿಕರು ಬರಲಿಲ್ಲ ಎಂಬ ಒಂದೇ ಕಾರಣಕ್ಕೆ ವಿಚಾರಣೆ ಬಿದ್ದುಹೋಗುವುದಿಲ್ಲ. ಹಾಗಾಗಿ ನಾನು ಹುಡುಕುವುದು ಬೇರೆ. ಆರೋಪಪಟ್ಟಿಯ ಜೊತೆ ದಾಖಲೆ ಕೊಟ್ಟರಾ? ಪಾಟೀ ಸವಾಲಿಗೆ ಅವಕಾಶ ಸಿಕ್ಕಿತಾ? ವಿಚಾರಣಾಧಿಕಾರಿ ತಾನೇ ಪ್ರಾಸಿಕ್ಯೂಟರ್ ಆಗಿ ಪ್ರಶ್ನೆ ಕೇಳಿದರಾ?

ವಿಚಾರಣೆ ನ್ಯಾಯವಾಗಿ ನಡೆದಿದೆಯಾ ಅನ್ನುವುದನ್ನು ಕೋರ್ಟು ಮೊದಲ ವಿವಾದಾಂಶವಾಗಿ ನೋಡುತ್ತದೆ. ಅಲ್ಲಿ ಆಡಳಿತ ಸೋತರೂ ಕೇಸು ಮುಗಿಯುವುದಿಲ್ಲ. ಆರೋಪವನ್ನು ಕೋರ್ಟಿನಲ್ಲೇ ಹೊಸದಾಗಿ ಸಾಬೀತು ಮಾಡಲು ಅದು ಅವಕಾಶ ಕೇಳಬಹುದು. ಆದರೆ ಕೇಳುವುದು ಯಾವಾಗ? 2001ರಲ್ಲಿ ಕೆಎಸ್‌ಆರ್‌ಟಿಸಿಯದೇ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿತು: ಆ ಕೋರಿಕೆ ಲಿಖಿತ ಹೇಳಿಕೆಯಲ್ಲೇ ಬರಬೇಕು. ಅದಕ್ಕೇ ಆಡಳಿತದ ಲಿಖಿತ ಹೇಳಿಕೆ ಕೈಗೆ ಬಂದರೆ ನಾನು ಮೊದಲು ಕೊನೆಯ ಪ್ಯಾರಾಗಳನ್ನು ಓದುತ್ತೇನೆ. ಆ ಒಂದು ಸಾಲು ಇದೆಯೋ ಇಲ್ಲವೋ ನೋಡಲು. ಸೀನಿಯರ್ ಷೆಡ್ಯೂಲ್ ಬರೆಸಿದ್ದರ ಫಲ ಇದೇ ಇರಬೇಕು.

ಆರೋಪ ಸಾಬೀತಾದರೂ ಅದೇ 1947ರ ಕಾಯ್ದೆಯ 11ಎ ಕಲಂ ಇತ್ತು. ಶಿಕ್ಷೆ ಅತಿಯಾಯಿತು ಅನ್ನಿಸಿದರೆ ಲೇಬರ್ ಕೋರ್ಟು ವಜಾ ಆದೇಶ ತೆಗೆದು ಇನ್‌ಕ್ರಿಮೆಂಟ್ ಕಡಿತದಂಥ ಸಣ್ಣ ಶಿಕ್ಷೆ ಕೊಡಬಹುದಿತ್ತು. ಸಿವಿಲ್ ನ್ಯಾಯಾಧೀಶರಿಗೆ ಇಂಥ ಅಧಿಕಾರ ಇಲ್ಲ.

ನಿಜವಾದ ಮ್ಯಾನೇಜರುಗಳ ಕಷ್ಟ ಇರುವುದೇ ಇಲ್ಲಿ. ಕಾನೂನಿನ ಲೆಕ್ಕದಲ್ಲಿ ಅವರು ‘ಕಾರ್ಮಿಕ’ ಅಲ್ಲ, ಹಾಗಾಗಿ ಅವರಿಗೆ ಲೇಬರ್ ಕೋರ್ಟ್ ಇಲ್ಲ. ಸಿವಿಲ್ ಕೋರ್ಟಿಗೆ ಹೋದರೆ 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 14ನೇ ಕಲಂ ಅಡ್ಡ ಬರುತ್ತದೆ. ಖಾಸಗಿ ಕಂಪನಿಯ ಮೇಲೆ ಒಬ್ಬ ಉದ್ಯೋಗಿಯನ್ನು ಒತ್ತಾಯದಿಂದ ಹೇರಲು ಆಗುವುದಿಲ್ಲ. ಸಿಗುವುದು ಪರಿಹಾರದ ಹಣ, ಅದೂ ಎಷ್ಟೋ ಸಲ ನೋಟಿಸ್ ಅವಧಿಯ ಸಂಬಳದಷ್ಟೇ. ದೊಡ್ಡ ಸಂಬಳದವರಿಗೆ ಇದನ್ನು ನಂಬಿಸುವುದೇ ದೊಡ್ಡ ಕೆಲಸ. ಕಂಡಕ್ಟರಿಗೆ ಕೆಲಸ ವಾಪಸ್ ಸಿಗುತ್ತೆ, ನನಗೆ ಸಿಗಲ್ವಾ ಅಂತ ಕೇಳುತ್ತಾರೆ. ಹೌದು, ಕಾನೂನು ಹಾಗೇ ಇದೆ.

ಐಟಿಯವರು ಜಾಸ್ತಿ ತರುವುದು ಬಾಂಡ್ (ಅವಧಿಗೆ ಮುಂಚೆ ಬಿಟ್ಟರೆ ಹಣ ಕಟ್ಟುವ ಕರಾರು) ಮತ್ತು ನಾನ್‌ಕಾಂಪೀಟ್. ಕೆಲಸ ಬಿಟ್ಟ ಮೇಲೂ ಬೇರೆ ಕಂಪನಿ ಸೇರಬೇಡ ಅನ್ನುವ ಷರತ್ತು ಕರಾರು ಕಾಯ್ದೆಯ 27ನೇ ಕಲಂ ಎದುರು ನಿಲ್ಲುವುದಿಲ್ಲ. ಆದರೆ ‘ಬಾಂಡ್ ಎಲ್ಲಾ ಬೋಗಸ್’ ಅನ್ನುವ ಸ್ನೇಹಿತರ ಮಾತು ನಂಬಬೇಡಿ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್, ಮೂರು ವರ್ಷಕ್ಕೆ ಮುಂಚೆ ಬಿಟ್ಟರೆ 2 ಲಕ್ಷ ಕಟ್ಟಬೇಕೆಂಬ ಸರ್ಕಾರಿ ಬ್ಯಾಂಕಿನ ಷರತ್ತನ್ನು ಎತ್ತಿಹಿಡಿಯಿತು. ಅದೇ ಕೇಸಿನಲ್ಲಿ ಅದಕ್ಕೂ ಮುಂಚೆ ಕರ್ನಾಟಕ ಹೈಕೋರ್ಟಿನಲ್ಲಿ ಗೆದ್ದಿದ್ದು ಉದ್ಯೋಗಿ.

ಈಗ ಹೊಸ ಪಾಠ ಶುರುವಾಗಿದೆ. 2025ರ ನವೆಂಬರ್ 21ರಂದು 1947ರ ಕಾಯ್ದೆಯ ಜಾಗದಲ್ಲಿ ಕೈಗಾರಿಕಾ ಸಂಬಂಧಗಳ ಸಂಹಿತೆ ಜಾರಿಗೆ ಬಂತು. ಬಾಯಿಪಾಠವಾಗಿದ್ದ ಕಲಂ ನಂಬರುಗಳೆಲ್ಲ ಬದಲಾದವು. ಮೇಲ್ವಿಚಾರಕರನ್ನು ‘ಕಾರ್ಮಿಕ’ ಅಂತ ಎಣಿಸಲು ಇರುವ ತಿಂಗಳ ಸಂಬಳದ ಮಿತಿ 10,000ದಿಂದ 18,000ಕ್ಕೆ ಏರಿದೆ. ಇದರಿಂದ ಕೆಲವರು ಒಳಗೆ ಬರುತ್ತಾರೆ, ಬೆಂಗಳೂರಿನಲ್ಲಿ ಹೆಚ್ಚು ಜನ ಅಲ್ಲ. ವಜಾ ಪ್ರಶ್ನಿಸಲು ಇದ್ದ ಮೂರು ವರ್ಷ ಎರಡಕ್ಕೆ ಇಳಿದಿದೆ. ಹೀಗಾಗಿ ಫೋನ್ ಮಾಡಿದವರಿಗೆ ಈಗ ನನ್ನ ಮೊದಲ ಪ್ರಶ್ನೆ, ವಜಾ ಆದೇಶದ ಮೇಲೆ ಯಾವ ತಾರೀಕಿದೆ?