ಬಲಬದಿಯ ಎರಡು ಮಿಲಿಮೀಟರ್

ಪಾರ್ಕಿನ್ಸನ್ ರೋಗಿಗಳ ಡಿಬಿಎಸ್ (ಮೆದುಳಿನ ಆಳಕ್ಕೆ ಎಲೆಕ್ಟ್ರೋಡ್ ಇಳಿಸಿ ಸಣ್ಣ ಕರೆಂಟ್ ಕೊಡುವ) ಶಸ್ತ್ರಚಿಕಿತ್ಸೆಯಲ್ಲಿ ನಾನು ಮೊದಲು ಎಡ ಮೆದುಳಿಗೆ, ಆಮೇಲೆ ಬಲಕ್ಕೆ ಎಲೆಕ್ಟ್ರೋಡ್ ಇಳಿಸುತ್ತೇನೆ. ನಮ್ಮ ಗುರಿ ಸಬ್‌ಥಲಾಮಿಕ್ ನ್ಯೂಕ್ಲಿಯಸ್, ಮೆದುಳಿನಾಳದ ಒಂದು ಪುಟ್ಟ ನರಕೋಶಗಳ ಗುಂಪು. ಅದನ್ನು ಹುಡುಕಲು ಅಕ್ಕಪಕ್ಕದ ಕೆಲವು ದಾರಿಗಳಲ್ಲಿ, ಅಂದರೆ ಟ್ರ್ಯಾಕ್‌ಗಳಲ್ಲಿ, ಸೂಕ್ಷ್ಮ ತಂತಿಗಳನ್ನು ಇಳಿಸಿ ನರಕೋಶಗಳ ವಿದ್ಯುತ್ ಸದ್ದನ್ನು ಕೇಳುತ್ತೇವೆ. ಎಡಗಡೆ ಆ ಸದ್ದು ನಡುವಿನ ಟ್ರ್ಯಾಕ್‌ನಲ್ಲೇ ಸಿಗುತ್ತಿತ್ತು. ಬಲಗಡೆ ಮಾತ್ರ ಪ್ರತಿಸಲ ಹುಡುಕಾಟ, ಸಿಕ್ಕರೂ ಹಿಂಬದಿಯ ಟ್ರ್ಯಾಕ್‌ನಲ್ಲಿ. ತಲೆಗೆ ಬಿಗಿದು ಗುರಿಯ ಅಳತೆ ಹಿಡಿಯುವ ಲೆಕ್ಸೆಲ್ ಫ್ರೇಮಿನ ಮೇಲೆ ಅನುಮಾನ ಬಂತು. ಅದನ್ನು ಪರೀಕ್ಷೆ ಮಾಡಿಸಲು ನಲವತ್ತು ಸಾವಿರದಷ್ಟು ಖರ್ಚಾಯಿತು. ಫ್ರೇಮ್ ಸರಿಯಾಗಿಯೇ ಇತ್ತು.

ಹಳೆಯ ಸಿಟಿಗಳನ್ನು ತೆಗೆದು ನೋಡಿದಾಗ ಉತ್ತರ ಅಲ್ಲೇ ಇತ್ತು. ಹಣೆಯ ಹಿಂದೆ ಕಪ್ಪಗೆ ಗಾಳಿ, ಒಬ್ಬರಲ್ಲಿ ಮೂವತ್ತು ಸಿಸಿಗೂ ಹೆಚ್ಚು. ತಲೆಬುರುಡೆಯ ಮೊದಲ ರಂಧ್ರದಲ್ಲಿ ಸಿಎಸ್‌ಎಫ್ (ಮೆದುಳಿನ ಸುತ್ತಲಿನ ನೀರು) ಹರಿದುಹೋಗಿ, ಎರಡನೆಯ ಬದಿಗೆ ಬರುವ ಹೊತ್ತಿಗೆ ಮೆದುಳು ಹಿಂದಕ್ಕೆ ಕುಸಿದಿರುತ್ತಿತ್ತು. ನಮ್ಮ ಗುರಿಯೇ ಐದಾರು ಮಿಲಿಮೀಟರ್ ಅಗಲದ್ದು. ಅದರಲ್ಲಿ ಎರಡು ಜರುಗಿದರೆ ಉಳಿಯುವುದೆಷ್ಟು?

ಮೊದಲಿಗೆ, ಬಲಬದಿಯ ಗುರಿಯನ್ನೇ ಒಂದು ಮಿಲಿಮೀಟರ್ ಹಿಂದಕ್ಕೆ ಲೆಕ್ಕ ಹಾಕಿದೆ. ನಾಲ್ಕು ರೋಗಿಗಳಲ್ಲಿ ಇಬ್ಬರಿಗೆ ಕೂಡಿಬಂತು, ಇಬ್ಬರಿಗೆ ಕೆಟ್ಟಿತು. ಜರುಗುವಿಕೆ ಎಲ್ಲರಲ್ಲೂ ಒಂದೇ ಸಮ ಇರುವುದಿಲ್ಲ, ಮೆದುಳು ಸೊರಗಿದ ಹಿರಿಯರಲ್ಲಿ ಹೆಚ್ಚು. ಆಮೇಲೆ ತಲೆಯ ಎತ್ತರದ ಜೊತೆ ಗುದ್ದಾಡಿದೆ. ಎತ್ತಿದರೆ ಗಾಳಿ ಒಳಗೆ, ತಗ್ಗಿಸಿದರೆ ನೀರು ಹೊರಗೆ. ಈಗ ಇಪ್ಪತ್ತೈದು ಡಿಗ್ರಿಯ ಆಸುಪಾಸಿನಲ್ಲಿ ನಿಲ್ಲಿಸಿದ್ದೇನೆ.

ಕೊನೆಗೆ ಕೈಹಿಡಿದದ್ದು ಡ್ಯೂರಾವನ್ನು, ಅಂದರೆ ಮೆದುಳಿನ ಗಟ್ಟಿ ಹೊರಪೊರೆಯನ್ನು, ಅಗಲವಾಗಿ ತೆರೆಯದಿರುವುದು. ಎಲೆಕ್ಟ್ರೋಡಿಗೆ ದಾರಿ ಮಾಡುವ ಗೈಡ್ ಟ್ಯೂಬ್ ಹಿಡಿಯುವಷ್ಟೇ ತೂತು, ಅದೂ ಸಲ್ಕಸ್ (ಮೆದುಳಿನ ಮಡಿಕೆಗಳ ನಡುವಿನ ಸಂದು) ಬಿಟ್ಟು ಗೈರಸ್ಸಿನ (ಮಡಿಕೆಯ ಉಬ್ಬಿನ) ನೆತ್ತಿಯ ಮೇಲೆ. ಟ್ಯೂಬ್ ಇಳಿದ ಕ್ಷಣವೇ ಸುತ್ತಲೂ ಫೈಬ್ರಿನ್ ಅಂಟು, ಸೋರಿಕೆ ತಡೆಯಲು. ಎಡಬದಿ ಪೂರ್ತಿ ಮುಗಿಯುವ ತನಕ ಬಲಬದಿಯ ಡ್ಯೂರಾವನ್ನು ಮುಟ್ಟುವುದೇ ಇಲ್ಲ. ಅಂಚಿನಲ್ಲಿ ಒಂದು ಹನಿ ಮಿನುಗಿ ನಿಂತಿತೇ ಹೊರತು ಜಾರಲಿಲ್ಲ ಎಂದರೆ ನನಗೆ ಅರ್ಧ ಕೆಲಸ ಗೆದ್ದಂತೆ. ಆ ತೂತನ್ನು ಮಾಡುವುದರಲ್ಲಿ ಒಂದು ಕೈಚಳಕವಿದೆ. ಅದನ್ನು ಬರೆದು ತಿಳಿಸಲಾಗದು, ಥಿಯೇಟರಿಗೆ ಬಂದವರಿಗೆ ತೋರಿಸುತ್ತೇನೆ.

"ಕಾರ್ಟೆಕ್ಸ್, ಮೆದುಳಿನ ಮೇಲ್ಮೈಯೇ, ಕಣ್ಣಿಗೆ ಕಾಣದೆ ಹೇಗಪ್ಪಾ ಇಳಿಸುತ್ತೀಯ? ರಕ್ತನಾಳ ಹರಿದರೆ?" ಎಂದು ನನ್ನ ಹಿರಿಯರೊಬ್ಬರು ಸಭೆಯಲ್ಲೇ ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ರಕ್ತನಾಳ ಎದ್ದು ಕಾಣುವಂತೆ ಮದ್ದು ಕೊಟ್ಟು ತೆಗೆಯುವ ಕಾಂಟ್ರಾಸ್ಟ್ ಎಂಆರ್‌ಐನಲ್ಲಿ ದಾರಿಯುದ್ದಕ್ಕೂ ಒಂದೊಂದು ಸ್ಲೈಸ್ ನೋಡದೆ ನಾನು ಈ ಕ್ರಮಕ್ಕೆ ಕೈಹಾಕುವುದಿಲ್ಲ. ನಾಳ ಹತ್ತಿರವಿದ್ದರೆ ಇವತ್ತಿಗೂ ಡ್ಯೂರಾ ತೆರೆದೇ ನೋಡುತ್ತೇನೆ.

ನಡುವೆ, ನೀರು ಹೋದಂತೆ ಮೆದುಳು ಹೇಗೆ ಕುಸಿಯುತ್ತದೆಂದು ನೋಡಲು ಮನೆಯಲ್ಲೊಂದು ಪ್ರಯೋಗ ಮಾಡಿದೆ. ಪುಡ್ಡಿಂಗಿಗೆ ತಂದಿದ್ದ ಚೀನಾ ಗ್ರಾಸನ್ನು ತೆಳ್ಳಗೆ ಕಾಯಿಸಿ, ಡಬ್ಬಿಯಲ್ಲಿ ಹೆಪ್ಪುಗಟ್ಟಿಸಿ, ಮೇಲೆ ನೀರು ತುಂಬಿ, ಒಳಗೆ ಸಾಸಿವೆ ಕಾಳುಗಳನ್ನು ಗುರುತಾಗಿ ಇಟ್ಟೆ. ನೀರು ಬಸಿದಂತೆ ಕಾಳುಗಳು ಕೆಳಗೆ ಸರಿದವು, ಮೇಲಿನವು ಹೆಚ್ಚು, ಆಳದವು ಕಡಿಮೆ. ಅಳತೆಗೆ ಅದನ್ನು ನಂಬಲಾಗದು. ಆದರೆ ನನ್ನ ಕಿರಿಯರಿಗೆ ಹತ್ತು ಸ್ಲೈಡಿಗಿಂತ ಆ ಡಬ್ಬಿಯೇ ಚೆನ್ನಾಗಿ ಕಲಿಸಿತು.

ಇನ್ನು ಹಣದ ಮಾತು. ಅಂಟಿಗೆ ನಮ್ಮಲ್ಲಿ ಐದಾರು ಸಾವಿರ ಬೀಳುತ್ತದೆ, ಖರೀದಿ ವಿಭಾಗ ಅದಕ್ಕೇ ಮೂರು ತಿಂಗಳು ತಕರಾರು ಮಾಡಿತು. ಬಲಬದಿಗೆ ಸದ್ದು ಕೇಳುವ ಐದು ಮೈಕ್ರೋಎಲೆಕ್ಟ್ರೋಡ್ ಬದಲು ಎರಡು ಸಾಕಾದ ಮೇಲೆ ರೋಗಿಯ ಬಿಲ್ಲಿನಲ್ಲಿ ಉಳಿದದ್ದು ಅದರ ಎಷ್ಟೋ ಪಟ್ಟು. ಹತ್ತು ಹನ್ನೆರಡು ಲಕ್ಷ ಹೊಂದಿಸಲು ಜಮೀನು ಮಾರಿ ಬಂದವರ ಮುಂದೆ ಇದು ಸಣ್ಣ ಮಾತಲ್ಲ. ಸಮಯವೂ ಒಂದು ಗಂಟೆ ಉಳಿಯಿತು.

ಹೀಗೆ ಮಾಡಿದವರು ಈಗ ಮೂವತ್ತರ ಹತ್ತಿರ. ಹೆಚ್ಚಿನವರಲ್ಲಿ ಗಾಳಿ ಐದು ಸಿಸಿ ದಾಟಿಲ್ಲ. ಮೂರು ವಾರದ ಸಿಟಿಯಲ್ಲಿ ಎಲೆಕ್ಟ್ರೋಡ್ ಬಾಗಿದ್ದು ಒಬ್ಬರಲ್ಲಿ ಮಾತ್ರ. ಹೋದ ತಿಂಗಳು ಒಬ್ಬ ನಿವೃತ್ತ ಶಿಕ್ಷಕಿಗೆ ಬಲಬದಿ ಇಳಿಸುವಾಗ ಹಂಚಿನ ಮೇಲೆ ಮಳೆ ಸುರಿದಂಥ ಆ ಸದ್ದು ನಡುವಿನ ಟ್ರ್ಯಾಕ್‌ನಲ್ಲೇ ಕೇಳಿತು. ಕರೆಂಟ್ ಕೊಟ್ಟೆವು. ಎಚ್ಚರವಾಗಿಯೇ ಇದ್ದ ಅವರು, ಬಲ ಮೆದುಳಿನ ಹಿಡಿತದಲ್ಲಿರುವ ಎಡಗೈಯಲ್ಲಿ ಸ್ಟೀಲ್ ಲೋಟ ಹಿಡಿದು, "ಡಾಕ್ಟರೇ, ಇದರಲ್ಲಿ ನೀರು ಹಾಕಿ ಕೊಡಿ, ನೋಡೋಣ" ಎಂದರು.