ಮೀಸೆ ಪ್ಲೆಕೊ ನನ್ನ ತೊಟ್ಟಿಯಲ್ಲಿ ಮರಿ ಮಾಡಿದ್ದು

ಪಾಚಿ ತಿನ್ನಲೆಂದು ಎಲ್ಲರೂ ತರುವ ಸಾಮಾನ್ಯ ಪ್ಲೆಕೊ, ಅಂದರೆ ಸಕ್ಕರ್ ಮೀನು, ಮನೆಯ ಗಾಜಿನ ತೊಟ್ಟಿಯಲ್ಲಿ ಮರಿ ಮಾಡುವ ಮೀನಲ್ಲ. ಅದು ಒಂದು ಅಡಿಗೂ ಮೀರಿ ಬೆಳೆಯುತ್ತದೆ, ಮೊಟ್ಟೆಯಿಡಲು ನದಿಯ ದಂಡೆಯಲ್ಲಿ ಬಿಲ ತೋಡುತ್ತದೆ. ಇದು ತಿಳಿಯದೆ ನಾನು ಎರಡು ವರ್ಷ ಕಾದೆ. ಆಮೇಲೆ ತಂದದ್ದು ಬ್ರಿಸ್ಟಲ್‌ನೋಸ್, ಅಂದರೆ ಮೀಸೆ ಪ್ಲೆಕೊ, ಆನ್ಸಿಸ್ಟ್ರಸ್ ಕುಲದ ಮೀನು. ಹನ್ನೆರಡು ಸೆಂಟಿಮೀಟರ್ ಆಸುಪಾಸಿಗೆ ಅದರ ಬೆಳವಣಿಗೆ ನಿಲ್ಲುತ್ತದೆ, ಗವಿಯೊಂದು ಸಿಕ್ಕರೆ ಸಂಸಾರ ಹೂಡುತ್ತದೆ.

ಎಳೆಯ ಮೀನುಗಳಲ್ಲಿ ಗಂಡು ಹೆಣ್ಣು ಗುರುತಿಸಲಾಗುವುದಿಲ್ಲ. ಅದಕ್ಕಾಗಿ ಆರು ಮರಿಗಳನ್ನು ತಂದು ಸಾಕಿದೆ. ಬೆಳೆದ ಮೇಲೆ ಗಂಡಿನ ಮೂತಿಯ ಮೇಲೆ, ಹಣೆಯ ನಡುವಿನವರೆಗೂ, ಕವಲೊಡೆದ ಮೀಸೆ ಬಂತು. ಹೆಣ್ಣಿಗೆ ತುಟಿಯಂಚಿನಲ್ಲಿ ಗಿಡ್ಡ ಎಳೆಗಳಷ್ಟೇ. ಒಂದು ಗಂಡು, ಎರಡು ಹೆಣ್ಣುಗಳನ್ನು ನೂರು ಲೀಟರಿನ ತೊಟ್ಟಿಯಲ್ಲಿ ಉಳಿಸಿಕೊಂಡೆ. ಇನ್ನೊಂದು ಗಂಡನ್ನೂ ಅಲ್ಲೇ ಇಟ್ಟುಕೊಂಡಿದ್ದರೆ ಗವಿಗಾಗಿ ಕಾದಾಟ ತಪ್ಪುತ್ತಿರಲಿಲ್ಲ. ತೊಟ್ಟಿ ಆಗಲೇ ಹಳೆಯದಾಗಿತ್ತು: ಮೀನಿಗೆ ವಿಷವಾಗುವ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ, ಉಷ್ಣಾಂಶ 26 ಡಿಗ್ರಿ, ಒಂದು ಸ್ಪಾಂಜ್ ಫಿಲ್ಟರ್, ಕೆರೆದು ತಿನ್ನಲು ಡ್ರಿಫ್ಟ್‌ವುಡ್ ಎಂಬ ಒಣಮರದ ತುಂಡು.

ನನ್ನ ಮಟ್ಟಿಗೆ ಎಲ್ಲವೂ ನಿಂತಿದ್ದು ಗವಿಯ ಮೇಲೆ. ಮೊದಲು ತೆಂಗಿನ ಚಿಪ್ಪು ಇಟ್ಟೆ. ಗಂಡು ಅದರಲ್ಲಿ ಮಲಗುತ್ತಿತ್ತು, ಹೆಣ್ಣು ಇಣುಕಿ ಹೋಗುತ್ತಿತ್ತು, ಅಷ್ಟೇ. ಚಿಪ್ಪಿನ ಬಾಯಿ ತುಂಬಾ ಅಗಲವಾಗಿತ್ತು. ಈ ಜಾತಿಯಲ್ಲಿ ಗಂಡು ಹೆಣ್ಣನ್ನು ಒಳಗೆ ಬಿಟ್ಟುಕೊಂಡು, ತನ್ನ ಮೈಯಿಂದಲೇ ಬಾಗಿಲು ಮುಚ್ಚಿ ನಿಲ್ಲುತ್ತದೆ. ಮೊಟ್ಟೆಯಿಟ್ಟ ಮೇಲೆ ಹೆಣ್ಣನ್ನು ಹೊರಗೆ ಕಳಿಸಿ, ಕಾವಲಿನ ಹೊಣೆಯನ್ನೆಲ್ಲ ತಾನೇ ಹೊರುತ್ತದೆ. ಹಾಗಾಗಿ ಗವಿಯ ಬಾಯಿ ಗಂಡಿನ ಮೈಗಿಂತ ತುಸುವೇ ಅಗಲವಿರಬೇಕು, ಹಿಂಬದಿ ಮುಚ್ಚಿರಬೇಕು. ಐದು ಸೆಂಟಿಮೀಟರ್ ಅಗಲ, ಹದಿನೈದು ಸೆಂಟಿಮೀಟರ್ ಉದ್ದದ, ಬಣ್ಣ ಬಳಿಯದ ಸುಟ್ಟ ಮಣ್ಣಿನ ಕೊಳವೆಯನ್ನು ನೆರಳಿರುವ ಮೂಲೆಯಲ್ಲಿಟ್ಟೆ. ಗಂಡು ಎರಡೇ ದಿನದಲ್ಲಿ ಅದನ್ನು ತನ್ನದಾಗಿಸಿಕೊಂಡಿತು.

ಬೇಯಿಸಿದ ಪಾಲಕ್, ಸೌತೆಕಾಯಿ, ವಾರಕ್ಕೆರಡು ಸಲ ಬ್ಲಡ್‌ವರ್ಮ್ ಎಂಬ ಕೆಂಪು ಹುಳು, ಹೀಗೆ ಎರಡು ವಾರ ಕೊಟ್ಟೆ. ಒಂದು ಹೆಣ್ಣಿನ ಹೊಟ್ಟೆ ದುಂಡಗಾಯಿತು. ಆಗ ಅರ್ಧದಷ್ಟು ನೀರು ತೆಗೆದು, ಕ್ಲೋರಿನ್ ಹೋಗಲಾಡಿಸಿದ, ಮೂರು ಡಿಗ್ರಿ ತಣ್ಣಗಿನ ನೀರನ್ನು ನಿಧಾನವಾಗಿ ತುಂಬಿದೆ. ದಕ್ಷಿಣ ಅಮೆರಿಕದ ಈ ಮೀನುಗಳಿಗೆ ಅದು ಮಳೆ ಬಂದ ಸುದ್ದಿ. ಮೂರು ದಿನ ಬಿಟ್ಟು ಇನ್ನೊಮ್ಮೆ ಹಾಗೆಯೇ ಮಾಡಿದೆ. ಮರುದಿನ ಬೆಳಿಗ್ಗೆ ಗವಿಯ ಬಾಯಲ್ಲಿ ಗಂಡಿನ ಬಾಲ ಬಿಡುವಿಲ್ಲದೆ ಬೀಸುತ್ತಿತ್ತು. ಅದರ ಹಿಂದೆ ಕಿತ್ತಳೆ ಬಣ್ಣದ ಮೊಟ್ಟೆಗಳ ಗೊಂಚಲು. ಆ ಕ್ಷಣದ ಸಂತೋಷವನ್ನು ನಾನು ಇಂದಿಗೂ ಮರೆತಿಲ್ಲ.

ಸಂತೋಷ ತಡೆಯಲಾರದೆ ಗಂಟೆಗೊಮ್ಮೆ ಟಾರ್ಚ್ ಹಾಕಿ ನೋಡಿದ್ದೇ ಮುಳುವಾಯಿತು. ಮೂರನೆಯ ದಿನ ಗೊಂಚಲು ಗವಿಯ ಹೊರಗೆ ಬಿದ್ದಿತ್ತು. ಅನುಭವವಿಲ್ಲದ ಗಂಡು ಗಾಬರಿಯಾದರೆ ಹೀಗೆ ತಳ್ಳಿಬಿಡುವುದುಂಟು. ಮೊಟ್ಟೆಗಳೆಲ್ಲ ಬೆಳ್ಳಗಾಗಿ ಬೂಷ್ಟು ಹಿಡಿದವು. ಹೊರಬಿದ್ದ ಗೊಂಚಲನ್ನು ಬಲೆಪೆಟ್ಟಿಗೆಯಲ್ಲಿಟ್ಟು, ಪಕ್ಕದಲ್ಲಿ ಗಾಳಿಗುಳ್ಳೆ ಬಿಡುವ ಏರ್‌ಸ್ಟೋನ್ ಓಡಿಸಿ, ಬೆಳ್ಳಗಾದವನ್ನು ದಿನವೂ ತೆಗೆಯುತ್ತಿದ್ದರೆ ಉಳಿದವು ಒಡೆಯುತ್ತವೆ ಎಂಬುದು ಆಗ ನನಗೆ ಗೊತ್ತಿರಲಿಲ್ಲ.

ಐದು ವಾರಗಳ ನಂತರ ಎರಡನೆಯ ಸಲ ಮೊಟ್ಟೆ ಬಂದಾಗ ಗವಿಯ ಕಡೆಯ ಗಾಜಿಗೆ ದಪ್ಪ ಕಾಗದ ಅಂಟಿಸಿದೆ. ಐದನೆಯ ದಿನಕ್ಕೆ ಮೊಟ್ಟೆ ಒಡೆದವು. ಮರಿಗಳು ಹೊಟ್ಟೆಯಡಿ ದೊಡ್ಡ ಹಳದಿ ಚೀಲ ಹೊತ್ತು ಇನ್ನೂ ಒಂದು ವಾರ ಗವಿಯಲ್ಲೇ ಇದ್ದವು. ಚೀಲ ಕರಗುವವರೆಗೆ ಅವಕ್ಕೆ ಬೇರೆ ಆಹಾರ ಬೇಡ. ನಂತರ ಒಂದೊಂದಾಗಿ ಹೊರಗೆ ಬಂದವು, ಸುಮಾರು ಅರವತ್ತು.

ನಿಜವಾದ ಕೆಲಸ ಅಲ್ಲಿಂದಾಚೆಗೆ. ಗಾಜಿನ ಮೇಲಿನ ಪಾಚಿ ಅವಕ್ಕೆ ಸಾಕು ಎಂದುಕೊಂಡಿದ್ದೆ. ವಾರದೊಳಗೆ ಹನ್ನೆರಡು ಸತ್ತವು. ಪ್ಲೆಕೊ ಮರಿ ಹೆಚ್ಚುಕಡಿಮೆ ದಿನವಿಡೀ ಮೇಯಬೇಕು. ಹೆದರಿ ತರಕಾರಿ ತುಂಬಿದೆ. ಅದು ಕೊಳೆತು ಅಮೋನಿಯಾ ಏರಿತು, ಮತ್ತೆ ಏಳು ಹೋದವು. ಕೊನೆಗೆ ನೆಲೆಗೊಂಡ ಕ್ರಮ ಇದು: ಬೇಯಿಸಿದ ಸೌತೆಕಾಯಿಯ ತೆಳು ಬಿಲ್ಲೆ ಬೆಳಿಗ್ಗೆ ಹಾಕಿ ಸಂಜೆ ತೆಗೆಯುವುದು, ರಾತ್ರಿಗೆ ಪಾಚಿ ಬಿಲ್ಲೆಯ ಚೂರು, ದಿನವೂ ಐದನೆಯ ಒಂದು ಭಾಗ ನೀರು ಬದಲು, ಅದೂ ತೊಟ್ಟಿಯಷ್ಟೇ ಬೆಚ್ಚಗಿನ ನೀರು. ಮರಿಗಳು ಗಾಜಿಗೆ ಅಂಟಿಕೊಳ್ಳುವುದರಿಂದ ಹೊಟ್ಟೆ ಹೊರಗಿನಿಂದಲೇ ಕಾಣುತ್ತದೆ. ಉಬ್ಬಿದ್ದರೆ ಸರಿ, ಒಳಗೆ ಸೇದಿಕೊಂಡಿದ್ದರೆ ಆ ದಿನ ಇನ್ನೊಂದು ಬಿಲ್ಲೆ.

ಎರಡು ತಿಂಗಳಿಗೆ ನಲವತ್ತೊಂದು ಮರಿಗಳು ಎರಡು ಸೆಂಟಿಮೀಟರ್ ದಾಟಿದವು. ಅಷ್ಟರಲ್ಲಿ ಗಂಡು ಮೂರನೆಯ ಗೊಂಚಲಿನ ಮೇಲೆ ಕುಳಿತಿತ್ತು. ಕಾವಲಿನ ದಿನಗಳಲ್ಲಿ ಅದು ಬಹುಮಟ್ಟಿಗೆ ಉಪವಾಸವೇ ಇರುತ್ತದೆ, ಬೆನ್ನು ಸೊರಗಿತ್ತು. ಆ ಮರಿಗಳು ಹೊರಬಂದ ದಿನವೇ ಗವಿಯನ್ನು ತೊಟ್ಟಿಯಿಂದ ತೆಗೆದಿಟ್ಟೆ. ಎರಡು ತಿಂಗಳ ಮೇಲೆ, ಅದರ ಮೈ ತುಂಬಿದ್ದನ್ನು ನೋಡಿಕೊಂಡು, ಅದೇ ಮೂಲೆಗೆ ಮರಳಿ ಇಟ್ಟೆ.