ಸೊನ್ನೆ ಅಂತ ತುಂಬಿದ ಚಳಿಗಾಲ

ನಾನು ಹಿಮ ನೋಡಿಲ್ಲ. ಹುಟ್ಟಿದ್ದು, ಓದಿದ್ದು, ಈಗ ಕೂತು ಕೆಲಸ ಮಾಡೋದು ಎಲ್ಲಾ ಕೋಲಾರದಲ್ಲೇ. ಆದರೂ ಮೂರು ವರ್ಷದಿಂದ ನನ್ನ ಅನ್ನ ಹಿಮದ ನಾಡಿನದು. ಸ್ವೀಡನ್ನಿನ ಸ್ಟೋರ್ಡಾಲೆನ್, ಫಿನ್‌ಲೆಂಡಿನ ಸೀಕಾನೆವಾ ಥರದ ಜೌಗು ನೆಲಗಳಲ್ಲಿ ಅಳೆದ ಅಂಕಿಗಳು ಎಲ್ಲರಿಗೂ ಸಿಗುತ್ತವೆ. ಅವನ್ನಿಟ್ಟುಕೊಂಡು ವರ್ಷಕ್ಕೆ ಎಷ್ಟು ಮೀಥೇನ್ (ಕೆಸರಿನ ಸೂಕ್ಷ್ಮಜೀವಿಗಳು ಬಿಡುವ, ಭೂಮಿಯನ್ನು ಬಿಸಿ ಮಾಡುವ ಗ್ಯಾಸ್) ಮೇಲೇಳುತ್ತದೆ ಅಂತ ಲೆಕ್ಕ ಹಾಕಿ ಒಂದು ತಂಡಕ್ಕೆ ಕೊಡುತ್ತೇನೆ.

ಮೊದಲ ವರ್ಷ ಅದು ಬರೀ ಸ್ಕ್ರೀನ್ ಮೇಲಿನ ಗೆರೆ. ಒಂದು ಸಲವಾದರೂ ಕೈಯಾರೆ ಅಳೆಯಬೇಕು ಅನ್ನಿಸಿತು. ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಬಂದಮೇಲೆ ನಮ್ಮೂರ ಕೆರೆಯ ಅಂಚು ಬೇಸಿಗೆಯಲ್ಲೂ ಒಣಗುವುದಿಲ್ಲ, ಜೊಂಡು ಎದೆಯೆತ್ತರ ಬೆಳೆದಿದೆ. 20 ಲೀಟರಿನ ಒಂದು ಬಕೆಟ್ ತಂದೆ, ಬಾಯಿಯ ಅಡ್ಡಳತೆ 32 ಸೆಂ.ಮೀ. ತಳಕ್ಕೆ ತೂತು ಕೊರೆದು ರಬ್ಬರ್ ಕೊಳವೆ ಸಿಕ್ಕಿಸಿ ಎಂ-ಸೀಲ್ ಮೆತ್ತಿದೆ. ಒಳಗೆ ಗಾಳಿ ಬೆರೆಯಲಿ ಅಂತ ಹಳೇ ಕಂಪ್ಯೂಟರಿನ ಫ್ಯಾನ್. ಬಕೆಟ್ ಬೋರಲು ಹಾಕಿ ಅಂಚನ್ನು ಕೆಸರಿಗೆ ಒತ್ತುವುದು, 5 ನಿಮಿಷಕ್ಕೊಂದು ಸಲ ಸಿರಿಂಜಿನಲ್ಲಿ ಗಾಳಿ ಎಳೆದು ಸಣ್ಣ ಸೀಸೆಗೆ ತುಂಬುವುದು. ಇಷ್ಟೇ ಕೆಲಸ. ಸೀಸೆಗಳು ಬೆಂಗಳೂರಿನಲ್ಲಿರುವ ಗೆಳೆಯನ ಲ್ಯಾಬಿಗೆ ಹೋದವು. ಅಲ್ಲಿ ಗ್ಯಾಸ್ ಕ್ರೊಮ್ಯಾಟೋಗ್ರಾಫ್ ಇದೆ, ಗಾಳಿಯಲ್ಲಿ ಯಾವ ಗ್ಯಾಸ್ ಎಷ್ಟಿದೆ ಅಂತ ಅಳೆಯುವ ಯಂತ್ರ.

ಮೊದಲ ದಿನದ ಅಂಕಿ: 2 ಪಿಪಿಎಂ (ಹತ್ತು ಲಕ್ಷ ಪಾಲು ಗಾಳಿಯಲ್ಲಿ 2 ಪಾಲು ಮೀಥೇನ್), ಆಮೇಲೆ ಒಂದೇ ಏಟಿಗೆ 38, ಆಮೇಲೆ 40. ಲ್ಯಾಬಿನ ಯಂತ್ರ ಕೆಟ್ಟಿದೆ ಅಂದುಕೊಂಡೆ. ಮೀನು ಹಿಡಿಯುವ ಅಜ್ಜ ಒಬ್ಬರು ಅವತ್ತು ಪೂರ್ತಿ ನೋಡುತ್ತಾ ನಿಂತಿದ್ದರು. "ಬಕೆಟ್ ಪಕ್ಕದಲ್ಲೇ ಕೆಸರು ತುಳೀತಿದ್ರೆ ಗುಳ್ಳೆ ಬರದೆ ಇನ್ನೇನಪ್ಪಾ ಬರುತ್ತೆ?" ಅಂದರು. ಸರಿಯಾಗೇ ಹೇಳಿದರು. 1776ರಲ್ಲಿ ವಿಜ್ಞಾನಿ ವೋಲ್ಟಾ ಇಟಲಿಯ ಮಜೋರೆ ಸರೋವರದಲ್ಲಿ ಮಾಡಿದ್ದೂ ಇದನ್ನೇ, ಕೆಸರು ಕಲಕಿ ಎದ್ದ ಗುಳ್ಳೆ ಹಿಡಿದಿದ್ದ. ಅವನಿಗೆ ಗ್ಯಾಸ್ ಬೇಕಿತ್ತು. ನನಗೆ ಬೇಕಿದ್ದು ಕಲಕದ ಕೆಸರು. ಉತ್ತರದ ಜೌಗುಗಳ ಫೋಟೋಗಳಲ್ಲಿ ಮರದ ಹಲಗೆಯ ದಾರಿ ಯಾಕಿರುತ್ತದೆ ಅಂತ ಅವತ್ತು ಗೊತ್ತಾಯಿತು.

ಮುಂದಿನ ಸಲ ಎರಡು ಹಲಗೆ ಹಾಕಿಕೊಂಡು ಕೂತೆ. 20 ನಿಮಿಷದಲ್ಲಿ 2ರಿಂದ 12ಕ್ಕೆ ಏರಿತು, ಗೆರೆ ಹೆಚ್ಚುಕಮ್ಮಿ ನೆಟ್ಟಗಿತ್ತು. ಅಂದರೆ ನಿಮಿಷಕ್ಕೆ ಅರ್ಧ ಪಿಪಿಎಂ. ಬಕೆಟ್ಟಿನ ಗಾತ್ರಕ್ಕೆ ಗುಣಿಸಿ, ಬಾಯಿಯ ವಿಸ್ತೀರ್ಣಕ್ಕೆ ಭಾಗಿಸಿದರೆ ಚದರ ಮೀಟರಿಗೆ ದಿನಕ್ಕೆ 118 ಮಿಲಿಗ್ರಾಂ ಬಂತು. ಅದೂ ತಪ್ಪು! ಸಮುದ್ರ ಮಟ್ಟದ ಒತ್ತಡ ಹಾಕಿದ್ದೆ. ಕೋಲಾರ ಇರೋದು 800 ಮೀಟರಿಗೂ ಮೇಲೆ, ಇಲ್ಲಿ ಗಾಳಿಯ ಒತ್ತಡ ಸುಮಾರು ಹತ್ತರಲ್ಲಿ ಒಂದು ಪಾಲು ಕಡಿಮೆ. ತಿದ್ದಿದಾಗ 107 ಆಯಿತು.

ಇದೆಲ್ಲ ಕಲಿತಮೇಲೆ ಉತ್ತರದ ಲೆಕ್ಕ ಸುಲಭ ಅನ್ನಿಸಿತ್ತು. ಅಲ್ಲೇ ಎಡವಿದೆ. ಅಲ್ಲಿ ಚಳಿಗಾಲದಲ್ಲಿ ಬಿಸಿಲು ತೀರಾ ಕಡಿಮೆ, ಸೋಲಾರ್ ಸತ್ತುಹೋಗುತ್ತದೆ, ಉಪಕರಣದ ಮೇಲೆ ಮಂಜು ಕಟ್ಟುತ್ತದೆ. ಅಂಕಿಗಳಲ್ಲಿ ವಾರಗಟ್ಟಲೆ ಖಾಲಿ. ಗಾಳಿಯ ಉಷ್ಣತೆ ಸೊನ್ನೆಗಿಂತ ಕೆಳಗಿದ್ದ ಕಡೆ ನಾನು ಸುಮ್ನೆ ಸೊನ್ನೆ ತುಂಬಿಬಿಟ್ಟೆ. ನೆಲ ಹೆಪ್ಪುಗಟ್ಟಿದ ಮೇಲೆ ಸೂಕ್ಷ್ಮಜೀವಿ ಏನು ಮಾಡುತ್ತೆ, ಅಲ್ವಾ?

ತಂಡದ ಹಿರಿಯರು ಬೈಯಲಿಲ್ಲ, 2016ರ ಒಂದು ಪ್ರಬಂಧ ಕಳಿಸಿದರು. ಅಲಾಸ್ಕಾದ ಟಂಡ್ರಾದಲ್ಲಿ, ಅಂದರೆ ಮರ ಬೆಳೆಯದ ಚಳಿನಾಡಿನಲ್ಲಿ, 5 ಕಡೆ ವರ್ಷಪೂರ್ತಿ ಅಳೆದಿದ್ದರು. ವರ್ಷದ ಮೀಥೇನಿನಲ್ಲಿ ಅರ್ಧ ಅಥವಾ ಅದಕ್ಕಿಂತ ಜಾಸ್ತಿ ಸೆಪ್ಟೆಂಬರ್‌ನಿಂದ ಮೇವರೆಗಿನ ಚಳಿಯಲ್ಲೇ ಬಂದಿತ್ತು. ನಾನು ಸೊನ್ನೆ ತುಂಬಿದ್ದ ತಿಂಗಳುಗಳೇ ಅವು.

ನಮ್ಮಮ್ಮ ಧನುರ್ಮಾಸದ ಚಳಿಯಲ್ಲಿ ಮೊಸರಿನ ಪಾತ್ರೆಗೆ ಹಳೇ ಕಂಬಳಿ ಸುತ್ತಿಡುತ್ತಾರೆ. ತಡವಾಗುತ್ತದೆ, ಆದರೆ ಹೆಪ್ಪಾಗುತ್ತದೆ. ಅಲ್ಲೂ ಹಾಗೇ, ಮೇಲೆ ಹಿಮದ ಕಂಬಳಿ. ಒಳಗಿನ ನೀರು ಗಡ್ಡೆ ಕಟ್ಟುವಾಗ ತಾನೇ ಸ್ವಲ್ಪ ಶಾಖ ಬಿಡುತ್ತದೆ. ಹಾಗಾಗಿ ಮೇಲೆ ಕಲ್ಲಿನಂತೆ ಗಟ್ಟಿಯಾದರೂ ನಡುವಿನ ಪದರ ವಾರಗಟ್ಟಲೆ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುತ್ತದೆ. ಜೀವಿಗಳಿಗೆ ಅಷ್ಟು ಸಾಕು. ಇನ್ನು 2007ರಲ್ಲಿ ಗ್ರೀನ್‌ಲೆಂಡಿನ ಝಾಕೆನ್‌ಬರ್ಗ್‌ನಲ್ಲಿ ನೆಲ ಹೆಪ್ಪುಗಟ್ಟುವ ಹೊತ್ತಿಗೇ ಬೇಸಿಗೆ ಪೂರ್ತಿ ಬಂದಷ್ಟು ಮೀಥೇನ್ ಹೊರಬಿದ್ದಿತ್ತು, ಬಟ್ಟೆ ಹಿಂಡಿದ ಹಾಗೆ.

ಮತ್ತೆ ಮೊದಲಿಂದ ಕೂತೆ. ಗಾಳಿಯ ಉಷ್ಣತೆ ಬಿಟ್ಟು 20 ಸೆಂ.ಮೀ. ಆಳದ ಮಣ್ಣಿನದು ತಗೊಂಡೆ. ಹೆಪ್ಪುಗಟ್ಟುವ ವಾರಗಳನ್ನು ಬೇರೆ ಮಾಡಿದೆ. ಬೇಸಿಗೆಯ ಸೂತ್ರ ಅಲ್ಲಿ ನಡೆಯುವುದಿಲ್ಲ. ಅಂಕಿಯೇ ಇಲ್ಲದ ಕಡೆ ಒಂದು ಸಂಖ್ಯೆ ಬರೆಯುವ ಬದಲು ಇಷ್ಟರಿಂದ ಇಷ್ಟು ಅಂತ ಕೊಟ್ಟೆ.

ಚದರ ಮೀಟರಿನ ಅಂಕಿಯನ್ನು ಇಡೀ ಜೌಗಿನ ವಿಸ್ತೀರ್ಣಕ್ಕೆ ಗುಣಿಸಬೇಕಲ್ಲ, ಆ ವಿಸ್ತೀರ್ಣದ ತಲೆನೋವು ಬೇರೆ. ಪಹಣಿಯಲ್ಲಿ ಕೆರೆ ಅಂಗಳ ಎಷ್ಟೋ ಎಕರೆ ಇರುತ್ತದೆ, ನೀರು ಇರೋದು ಒಂದು ಮೂಲೆಯಲ್ಲಿ. ಉತ್ತರದ ನಕ್ಷೆಗಳೂ ಹಾಗೇ. ಒಂದರಲ್ಲಿ ಜೌಗು ಅಂತಿರೋದು ಇನ್ನೊಂದರಲ್ಲಿ ಸರೋವರ. ನೋಡಿಕೊಳ್ಳದಿದ್ದರೆ ಒಂದೇ ನೆಲವನ್ನು ಎರಡು ಸಲ ಎಣಿಸುತ್ತೇವೆ. ಎರಡು ನಕ್ಷೆಗೂ ಬೇರೆ ಬೇರೆ ಮೊತ್ತ ಹಾಕಿ ಕಳಿಸಿದೆ.

ಸಂಜೆಗೇ ಉತ್ತರ ಬಂತು, ಒಂದೇ ಸಾಲು: ಹಿಮದ ದಪ್ಪ ಯಾವ ಕಾಲಮ್ಮಿನಲ್ಲಿದೆ? ನಾನು ಹಾಕಿರಲಿಲ್ಲ. ಈಗ ಅದನ್ನೇ ಹುಡುಕುತ್ತಾ ಕೂತಿದ್ದೇನೆ.